ಸೊಂಟದಷ್ಟು ನೀರಿನಲ್ಲಿ

ಬೆಳಗಿನ ಏಳೂವರೆಗೆ ಸೂರ್ಯ ಮರಳುದಿಬ್ಬಗಳ ಮೇಲೆ ಕಾಣಿಸಿಕೊಳ್ಳುತ್ತಾನೆ. ಬೆನ್ನ ಹಿಂದೆ ದ್ವೀಪ, ದ್ವೀಪದಾಚೆ ಮೆಕ್ಸಿಕೋ ಕೊಲ್ಲಿಯ ಮೊರೆತ. ಎದುರಿಗೆ, ಪಡುವಣ ದಿಕ್ಕಿಗೆ, ಲಗೂನಾ ಮಾದ್ರೆಯ ಹಸಿರು ನೀರು ಅಲೆಯಿಲ್ಲದೆ ಹರಡಿಕೊಂಡಿದೆ. ಗಾಳಿ ಆಗ್ನೇಯದಿಂದ ಬೀಸುತ್ತಿದೆ. ಎಂಟು ನಾಟ್ ಇರಬಹುದು, ಅಂದರೆ ಗಂಟೆಗೆ ಹದಿನೈದು ಕಿಲೋಮೀಟರ್. ವ್ಯಾನಿನ ಬಾಗಿಲಿಗೆ ಕಟ್ಟಿದ ಟವೆಲ್ಲು ಮೆಲ್ಲಗೆ ಅಲ್ಲಾಡುತ್ತಿದೆ, ಇನ್ನೂ ಪಟಪಟಿಸುತ್ತಿಲ್ಲ. ಕಲಿಯುವವರಿಗೆ ಬೇಕಾದ ಗಾಳಿ ಇದೇ. ಹೊತ್ತು ಏರಿದಂತೆ ಇದು ಇಮ್ಮಡಿಯಾಗುತ್ತದೆ. ಅಷ್ಟರೊಳಗೆ ಅಕ್ಕ ಹಲಗೆಯ ಮೇಲೆ ನಿಂತಿರಬೇಕು.

ಅಕ್ಕ ವ್ಯಾನಿನ ಮೆಟ್ಟಿಲ ಮೇಲೆ ಕಾಫಿ ಲೋಟ ಹಿಡಿದು ಕೂತಿದ್ದಾಳೆ. ಕಣ್ಣು ಮಾತ್ರ ನೀರಿನ ಮೇಲಿದೆ.

"ಎಷ್ಟು ಆಳ ಇದೆಯೋ ಇದು?"

"ಸೊಂಟದವರೆಗೆ."

"ಅಲ್ಲಿ ದೂರದಲ್ಲಿ?"

"ದೋಣಿಗೆ ಅಂತ ತೋಡಿದ ಕಾಲುವೆ ಬಿಟ್ಟರೆ ಅಲ್ಲೂ ಸೊಂಟದವರೆಗೆ."

"ಯಾರ ಸೊಂಟ? ನಿಂದೋ, ನಂದೋ?"

ನಾವು ಇರುವುದು ಟೆಕ್ಸಸ್‌ನ ಕಾರ್ಪಸ್ ಕ್ರಿಸ್ಟಿ ಊರಿನ ತೆಂಕಣ ಬದಿಗೆ, ಪಾದ್ರೆ ಐಲೆಂಡ್ ರಾಷ್ಟ್ರೀಯ ಉದ್ಯಾನದೊಳಗಿನ ಬರ್ಡ್ ಐಲೆಂಡ್ ಬೇಸಿನ್ ಎಂಬ ಜಾಗದಲ್ಲಿ. ಜನವರಿ ನಡುವಿನ ಶನಿವಾರ. ಸೋಮವಾರ ಮಾರ್ಟಿನ್ ಲೂಥರ್ ಕಿಂಗ್ ಜಯಂತಿಯ ರಜೆ, ಹಾಗಾಗಿ ವಾರಾಂತ್ಯಕ್ಕೆ ಒಂದು ದಿನ ಹೆಚ್ಚು. ಅಕ್ಕ ಡಲ್ಲಾಸ್‌ನಿಂದ ಹೊರಟಾಗ ಅಲ್ಲಿ ಕಾರಿನ ಗಾಜಿನ ಮೇಲೆ ಮಂಜು ಹೆಪ್ಪುಗಟ್ಟಿತ್ತಂತೆ. ಆಸ್ಟಿನ್‌ನಲ್ಲಿ ನನ್ನನ್ನು ಹತ್ತಿಸಿಕೊಂಡು, ಸ್ಯಾನ್ ಆಂಟೋನಿಯೋ ದಾಟಿ, ಕತ್ತಲಲ್ಲಿ ಗಾಳಿಯಂತ್ರಗಳ ಕೆಂಪು ದೀಪಗಳು ಒಟ್ಟಿಗೇ ಮಿನುಗುವುದನ್ನು ನೋಡುತ್ತ ಬಂದೆವು. ಅಧ್ಯಕ್ಷ ಕೆನಡಿ ಹೆಸರಿನ ಸೇತುದಾರಿ ದಾಟಿ ದ್ವೀಪಕ್ಕೆ ಇಳಿದಾಗ ಕಿಟಕಿ ಇಳಿಸಿದರೆ ಒಳಗೆ ಬಂದದ್ದು ಬೆಚ್ಚನೆಯ, ಉಪ್ಪು ಬೆರೆತ ಗಾಳಿ. ಆ ಸೇತುದಾರಿಗೆ ಆತನ ಹೆಸರಿರುವುದು ಸರಿಯಾಗಿಯೇ ಇದೆ. ಈ ಕರಾವಳಿಯನ್ನು ಉದ್ಯಾನವಾಗಿಸುವ ಕಾನೂನಿಗೆ 1962ರಲ್ಲಿ ಸಹಿ ಹಾಕಿದವನು ಅವನೇ. ಆ ಒಂದು ಸಹಿಯಿಂದಾಗಿ ಇವತ್ತು ಇಲ್ಲಿಂದ ದಕ್ಷಿಣಕ್ಕೆ ನೂರಕ್ಕೂ ಹೆಚ್ಚು ಕಿಲೋಮೀಟರ್ ಹೋದರೂ ಒಂದು ಹೋಟೆಲ್ ಇಲ್ಲ, ಒಂದು ಬಂಗಲೆ ಇಲ್ಲ. ಕಟ್ಟಡ ಏಳದೆ ಉಳಿದ ತಡೆದ್ವೀಪಗಳಲ್ಲಿ ಜಗತ್ತಿನಲ್ಲೇ ಇಷ್ಟುದ್ದದ್ದು ಇನ್ನೊಂದಿಲ್ಲ.

ನಾನು ವ್ಯಾನಿನ ಮೇಲಿಂದ ಸಾಮಾನು ಇಳಿಸತೊಡಗುತ್ತೇನೆ. ಅಕ್ಕನಿಗೆ ಇನ್ನೂರು ಲೀಟರಿನ ಅಗಲ ಹಲಗೆ, ಮೂರೂವರೆ ಚದರ ಮೀಟರಿನ ಪುಟ್ಟ ಹಾಯಿ. ನನಗೆ ಅದರ ಅರ್ಧದಷ್ಟು ಹಲಗೆ, ಐದು ಮುಕ್ಕಾಲು ಮೀಟರಿನ ಹಾಯಿ. ಹಾಯಿ ಕಟ್ಟುವುದನ್ನು ಹತ್ತಿರ ಬಂದು ನೋಡಿ. ಎರಡು ತುಂಡಿನ ಕಾರ್ಬನ್ ಕಂಬವನ್ನು ಒಂದರೊಳಗೊಂದು ಸೇರಿಸುವ ಮೊದಲು ಆ ಜೋಡಣೆಯನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು, ಮರಳಿನ ನಾಲ್ಕು ಕಾಳು ಉಳಿದರೂ ಸಂಜೆ ಬಿಚ್ಚಲು ಬರುವುದಿಲ್ಲ. ಕಂಬವನ್ನು ಹಾಯಿಯ ತೋಳಿನೊಳಗೆ ತೂರಿಸಿ, ಕೆಳಗಿನ ರಾಟೆಗೆ ಹಗ್ಗವನ್ನು ಮೂರು ಸುತ್ತು ಪೋಣಿಸಿ, ಕಾಲನ್ನು ಕಂಬದ ಬುಡಕ್ಕೆ ಒತ್ತಿ, ಇಡೀ ಮೈಭಾರ ಹಾಕಿ ಜಗ್ಗಬೇಕು. ಕಂಬ ಬಾಗುತ್ತದೆ, ಹಾಯಿಯ ಮೇಲ್ತುದಿ ಸಡಿಲಗೊಂಡು ಸುಕ್ಕಾಗುತ್ತದೆ. ಹೊಸಬರು ಅದನ್ನು ನೋಡಿ ತಪ್ಪಾಯಿತು ಎಂದುಕೊಳ್ಳುತ್ತಾರೆ. ಆ ಸಡಿಲು ಇರಲೇಬೇಕು. ಜೋರಾದ ಗಾಳಿ ಬಡಿದಾಗ ಹೆಚ್ಚಿನದು ಮೇಲಿನಿಂದ ಸೋರಿ ಹೋಗುವುದು ಅಲ್ಲಿಂದಲೇ. ಆಮೇಲೆ ಎದೆಮಟ್ಟಕ್ಕೆ ಬೂಮನ್ನು, ಅಂದರೆ ಕೈಯಲ್ಲಿ ಹಿಡಿಯುವ ಅಡ್ಡಕೋಲನ್ನು, ಕಚ್ಚಿಸಿ, ಹಾಯಿಯ ಹಿಂತುದಿಯನ್ನು ಅದಕ್ಕೆ ಎಳೆದು ಕಟ್ಟಿದರೆ, ನೆಲದ ಮೇಲೆ ಸತ್ತು ಬಿದ್ದಿದ್ದ ಬಟ್ಟೆಗೆ ಉಬ್ಬು ಬಂದು ಗಾಳಿಗೆ ಏಳಲು ನೋಡುತ್ತದೆ.

ಹಲಗೆಯ ತಳದ ರೆಕ್ಕೆಯನ್ನು, ಅಂದರೆ ಫಿನ್ನನ್ನು, ಇಲ್ಲಿ ಬದಲಿಸಲೇಬೇಕು. ನೆಟ್ಟಗಿನ ಉದ್ದ ಫಿನ್ ಈ ನೀರಿಗೆ ಒಗ್ಗುವುದಿಲ್ಲ. ತಳದ ತುಂಬ ಕಡಲಹುಲ್ಲು. ಕಿತ್ತು ಬಂದು ತೇಲುವ ಎಸಳುಗಳು ಫಿನ್ನಿಗೆ ಸುತ್ತಿಕೊಂಡರೆ ಓಡುತ್ತಿದ್ದ ಹಲಗೆ ಗಕ್ಕನೆ ನಿಲ್ಲುತ್ತದೆ, ಮೇಲಿದ್ದವರು ಮುಂದಕ್ಕೆ ಹಾರುತ್ತಾರೆ. ಆದ್ದರಿಂದ ಹಿಂದಕ್ಕೆ ವಾಲಿದ ಗಿಡ್ಡ ಫಿನ್. ಹುಲ್ಲು ಅದರ ಮೇಲಿಂದ ಜಾರಿ ಹೋಗುತ್ತದೆ. ಟೆಕ್ಸಸ್ ತೀರದ ಕಡಲಹುಲ್ಲಿನಲ್ಲಿ ಬಹುಪಾಲು ಇರುವುದು ಈ ಲಗೂನಿನಲ್ಲೇ, ಯಾಕೆಂದರೆ ನೀರು ಆಳವಿಲ್ಲ, ಬಿಸಿಲು ತಳದವರೆಗೆ ತಲುಪುತ್ತದೆ. ಇಲ್ಲಿಯ ಎಲ್ಲದಕ್ಕೂ ಮೂಲ ಆ ಆಳವಿಲ್ಲದಿರುವಿಕೆಯೇ. ಸರಾಸರಿ ಒಂದು ಮೀಟರು, ಅಷ್ಟೇ. ಬಿಸಿಲು ತಳ ಮುಟ್ಟುವುದರಿಂದ ಹುಲ್ಲು. ಹುಲ್ಲಿರುವುದರಿಂದ ಬಾತುಕೋಳಿ, ಮೀನು, ಆಮೆ. ಕಾಲೂರಿದರೆ ನೆಲ ಸಿಗುವುದರಿಂದ ನನ್ನ ಅಕ್ಕನಂಥವರು.

ಅಕ್ಕನಿಗೆ ಈಜು ಬರುವುದಿಲ್ಲ. ತೀರ್ಥಹಳ್ಳಿಯಲ್ಲಿ ತುಂಗೆಯ ದಡದಲ್ಲೇ ಬೆಳೆದವರು ನಾವು. ನನ್ನ ಬೆನ್ನಿಗೆ ಬೆಂಡು ಕಟ್ಟಿ ಮಾವ ನದಿಗೆ ಇಳಿಸಿದ. ಅದೇ ದಿನ ಅಕ್ಕ ಮೇಲಿನ ಮೆಟ್ಟಿಲಲ್ಲಿ ನನ್ನ ಒಣಬಟ್ಟೆ ಹಿಡಿದು ಕೂತಿದ್ದಳು. ಹುಡುಗಿಯರಿಗೆ ಯಾಕೆ ಎಂದು ಯಾರೂ ಹೇಳಲಿಲ್ಲ, ಯಾಕೆ ಕಲಿಸಲಿಲ್ಲ ಎಂದು ಯಾರೂ ಕೇಳಲೂ ಇಲ್ಲ. ಐವತ್ತು ದಾಟಿದ ಮೇಲೆ, ಮಗಳು ಕಾಲೇಜಿಗೆ ಹೋದ ಮೇಲೆ, ನವೆಂಬರಿನಲ್ಲಿ ಒಂದು ರಾತ್ರಿ ಫೋನ್ ಮಾಡಿ, "ನೀನು ಆ ಹಾಯಿ ಹಿಡಿದುಕೊಂಡು ಹೋಗ್ತೀಯಲ್ಲ, ಅದನ್ನ ನಂಗೂ ಕಲಿಸೋ" ಎಂದಳು. ಈಜು ಬಾರದವರಿಗೆ ಆಸ್ಟಿನ್ ಸುತ್ತಲಿನ ಆಳದ ಕೆರೆಗಳಲ್ಲಿ ಕಲಿಸುವ ಧೈರ್ಯ ನನಗಿಲ್ಲ. ಇಲ್ಲಿ ಇದೆ.

ಲೈಫ್ ಜಾಕೆಟ್ಟಿನ ಪಟ್ಟಿಗಳನ್ನು ಎರಡು ಸಲ ಎಳೆದು ನೋಡುತ್ತೇನೆ. ವೆಟ್‌ಸೂಟಿನ ಜಿಪ್ಪು ಬೆನ್ನ ಮೇಲೆ ಬಿಗಿದಿದೆ. ನೀರು ಹದಿನೈದು ಡಿಗ್ರಿ, ಹಿಂದಿನ ವಾರದ ಚಳಿಗಾಳಿಯ ತಂಪು ಇನ್ನೂ ಅದರೊಳಗಿದೆ. ಹೊರಗೆ ಆಗಲೇ ಇಪ್ಪತ್ತು ದಾಟಿದೆ.

"ಕಾಲು ಎತ್ತಿ ಇಡಬೇಡ ಅಕ್ಕಾ. ಎಳೆದುಕೊಂಡು ನಡಿ."

"ಯಾಕೋ?"

"ತೊರಕೆ ಮೀನು ಮರಳಲ್ಲಿ ಮಲಗಿರುತ್ತೆ. ಕಾಲು ತಾಗಿದರೆ ಎದ್ದು ಹೋಗುತ್ತೆ. ಮೇಲೆ ತುಳಿದರೆ ಬಾಲದ ಮುಳ್ಳಲ್ಲಿ ಹೊಡೆಯುತ್ತೆ."

ಅವಳು ತಿರುಗಿ ನೋಡುತ್ತಾಳೆ. ಇದನ್ನು ಡಲ್ಲಾಸ್‌ನಲ್ಲೇ ಹೇಳಬೇಕಿತ್ತು ಎಂಬ ನೋಟ. ಆದರೆ ನಿಲ್ಲುವುದಿಲ್ಲ. ಮರಳಿನಲ್ಲಿ ಪಾದ ಎಳೆಯುತ್ತ, ಮೊಣಕಾಲು, ತೊಡೆ, ಸೊಂಟ. ಅಲ್ಲಿಂದ ಮುಂದೆ ನಡೆದಷ್ಟೂ ನೀರು ಏರುವುದಿಲ್ಲ. ಇಪ್ಪತ್ತು ಹೆಜ್ಜೆ ಹೋಗಿ ನಿಂತು ಸುತ್ತ ನೋಡುತ್ತಾಳೆ. ದಡ ದೂರವಾಗಿದೆ, ನೀರು ಇದ್ದಷ್ಟೇ ಇದೆ. ಅವಳ ಭುಜ ಇಳಿದದ್ದು ನನಗೆ ಹಿಂದಿನಿಂದಲೇ ಕಾಣುತ್ತದೆ.

ಹಲಗೆಯ ಮೇಲೆ ಮೊದಲು ಮಂಡಿಯೂರಿ, ಆಮೇಲೆ ಕಂಬದ ಬುಡದ ಎರಡೂ ಕಡೆ ಪಾದ ಇಟ್ಟು ಎದ್ದು ನಿಲ್ಲಬೇಕು. ಹಾಯಿ ನೀರಿನಲ್ಲಿ ಬಿದ್ದಿರುತ್ತದೆ. ಅದಕ್ಕೆ ಕಟ್ಟಿದ ದಪ್ಪ ಹಗ್ಗ ಹಿಡಿದು ಹಿಂದಕ್ಕೆ ವಾಲಬೇಕು. ಎಲ್ಲರೂ ಮೊದಲು ಬೆನ್ನು ಬಗ್ಗಿಸಿ ತೋಳಿನಿಂದ ಎತ್ತಲು ನೋಡುತ್ತಾರೆ. ಹಾಯಿಯ ಮೇಲೆ ನಿಂತ ನೀರಿನ ಭಾರ ತೋಳಿಗೆ ಬಗ್ಗುವಂಥದ್ದಲ್ಲ. ಬೆನ್ನು ನೆಟ್ಟಗಿಟ್ಟು, ಮಂಡಿ ಸ್ವಲ್ಪ ಮಡಿಸಿ, ಹಿಂದಕ್ಕೆ ಒರಗಿ ಕಾಯಬೇಕು. ನೀರು ನಿಧಾನಕ್ಕೆ ಜಾರುತ್ತದೆ, ಹಾಯಿ ತಾನೇ ಹಗುರಾಗಿ ಮೇಲೇಳುತ್ತದೆ. ಅಕ್ಕ ಒರಗುತ್ತಾಳೆ. ಹಾಯಿ ಅರ್ಧ ಏಳುತ್ತದೆ, ಗಾಳಿ ಅದರ ಅಂಚನ್ನು ಹಿಡಿಯುತ್ತದೆ, ಅವಳು ಹಗ್ಗ ಬಿಡದೆಯೇ ಹಿಂದಕ್ಕೆ ನೀರಿಗೆ ಬೀಳುತ್ತಾಳೆ. ತಲೆ ಮುಳುಗುತ್ತದೆ.

ನಾನು ಓಡುವುದಿಲ್ಲ, ನಾಲ್ಕು ಹೆಜ್ಜೆ ದೂರದಲ್ಲೇ ನಿಲ್ಲುತ್ತೇನೆ. ಜಾಕೆಟ್ಟು ಅವಳನ್ನು ಮೇಲೆ ತರುತ್ತದೆ, ಕಾಲು ನೆಲ ಹುಡುಕಿಕೊಳ್ಳುತ್ತದೆ. ಮುಖ ಒರೆಸಿಕೊಂಡು, ಉಪ್ಪು ಉಗಿದು, "ಇದೇನೋ, ಕೊಲ್ಲಿಗಿಂತ ಉಪ್ಪು!" ಎನ್ನುತ್ತಾಳೆ. ನಿಜ. ಈ ಲಗೂನಿಗೆ ಹೇಳಿಕೊಳ್ಳುವಂಥ ನದಿ ಬಂದು ಸೇರುವುದಿಲ್ಲ, ಮಳೆ ಕಡಿಮೆ, ಬಿಸಿಲಿಗೆ ನೀರು ಆರುತ್ತಲೇ ಇರುತ್ತದೆ, ಕಡಲಿನೊಡನೆ ಬೆರೆಯಲು ಬಾಯಿಗಳು ಕೆಲವೇ ಕೆಲವು. ಕಡಲಿಗಿಂತ ಉಪ್ಪಾದ ಇಂಥ ಹಿನ್ನೀರು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು. 1949ರಲ್ಲಿ ಹಡಗುಗಾಲುವೆ ಇದರ ಉದ್ದಕ್ಕೂ ಪೂರ್ಣವಾದ ಮೇಲೆ ನೀರಿಗೆ ಓಡಾಟ ಸಿಕ್ಕಿ ಉಪ್ಪು ಇಳಿದಿದೆ. ಅದಕ್ಕೂ ಮೊದಲು ಬೇಸಿಗೆಯಲ್ಲಿ ಉಪ್ಪು ಮಿತಿಮೀರಿ ಮೀನು ರಾಶಿರಾಶಿ ಸಾಯುತ್ತಿದ್ದವು.

ಬೀಳುವುದು, ಏಳುವುದು ನಡೆಯುತ್ತದೆ. ಬಿದ್ದಾಗಲೆಲ್ಲ ಅವಳ ಮುಖದಲ್ಲಿ ಮೊದಲಿದ್ದ ಗಾಬರಿ ಕರಗುತ್ತ ಬಂದದ್ದನ್ನು ನೋಡುವುದೇ ನನಗೆ ಈ ಬೆಳಗಿನ ದೊಡ್ಡ ಸಂಗತಿ. ಒಂಬತ್ತೂವರೆಯ ಹೊತ್ತಿಗೆ ಹಾಯಿ ಪೂರ್ತಿ ಎದ್ದು ನಿಲ್ಲುತ್ತದೆ. ಅವಳು ಕಂಬ ಹಿಡಿದು ತಡಮಾಡುತ್ತಾಳೆ. ಹಾಯಿ ಗಾಳಿಯ ಗುಂಟ ಪಟಪಟ ಎನ್ನುತ್ತದೆ.

"ಕಂಬವನ್ನ ಮೂಗಿನ ಮುಂದೆ ತಾ. ಮುಂದಿನ ಕೈ ಬೂಮಿಗೆ. ಈಗ ಹಿಂದಿನ ಕೈ. ಬಾಗಿಲು ಮುಚ್ಚೋ ಹಾಗೆ ಮೆಲ್ಲಗೆ ಎಳಿ."

ಎಳೆಯುತ್ತಾಳೆ. ಪಟಪಟ ನಿಲ್ಲುತ್ತದೆ. ಹಲಗೆಯ ಹಿಂದೆ ಸಣ್ಣ ಸಣ್ಣ ಗುಳ್ಳೆ, ಆಮೇಲೆ ನೆಟ್ಟನೆಯ ಒಂದು ಗೆರೆ. ಅಕ್ಕ ಹೋಗುತ್ತಿದ್ದಾಳೆ. ನೈಋತ್ಯಕ್ಕೆ, ಗಾಳಿಯನ್ನು ಎಡಕ್ಕಿಟ್ಟುಕೊಂಡು, ಮನುಷ್ಯರು ನಡೆಯುವ ವೇಗದಲ್ಲಿ. ನಾನು ಪಕ್ಕದಲ್ಲಿ ನೀರಿನಲ್ಲಿ ಕಾಲೆಳೆದು ಓಡುತ್ತ, "ಕಂಬ ಹಿಂದಕ್ಕೆ ವಾಲಿಸಿದರೆ ಗಾಳಿಯ ಕಡೆ ತಿರುಗುತ್ತೆ, ಮುಂದಕ್ಕೆ ವಾಲಿಸಿದರೆ ಗಾಳಿಯಿಂದ ಆಚೆ" ಎಂದು ಕೂಗುತ್ತೇನೆ. ಕೇಳಿಸಿತೋ ಇಲ್ಲವೋ. ಈ ಹಲಗೆಗೆ ಚುಕ್ಕಾಣಿ ಇಲ್ಲ. ಕಂಬದ ಬುಡದಲ್ಲಿ ಎತ್ತ ಬೇಕಾದರತ್ತ ಬಗ್ಗುವ ಒಂದು ಕೀಲಿದೆ, ಎಲ್ಲವೂ ಅದರ ಮೇಲೆ. ಕ್ಯಾಲಿಫೋರ್ನಿಯಾದ ಜಿಮ್ ಡ್ರೇಕ್ ಮತ್ತು ಹಾಯ್ಲ್ ಶ್ವೈಟ್ಜರ್ ಈ ವ್ಯವಸ್ಥೆಗೆ 1970ರಲ್ಲಿ ಪೇಟೆಂಟ್ ಪಡೆದರು. ಅವರಿಗೂ ಮೊದಲು, 1964ರ ಸುಮಾರಿಗೆ, ಪೆನ್ಸಿಲ್ವೇನಿಯಾದಲ್ಲಿ ನ್ಯೂಮನ್ ಡಾರ್ಬಿ ಎಂಬಾತ ಹಲಗೆಯ ಮೇಲೆ ಹಾಯಿ ಹಿಡಿದು ನಿಂತಿದ್ದ. ಆ ಹಾಯಿಯನ್ನು ಹೊಲಿದು, ತಾನೂ ಅದರ ಮೇಲೆ ನಿಂತು ತೇಲಿದವಳು ಅವನ ಹೆಂಡತಿ ನವೋಮಿ. ಅವಳ ಹೆಸರನ್ನು ಈ ಆಟದ ಚರಿತ್ರೆ ಹೇಳುವವರು ಇನ್ನೂ ಗಟ್ಟಿಯಾಗಿ ಹೇಳಬೇಕು ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ.

ಹಿಂತಿರುಗುವುದು ಇನ್ನೂ ಗೊತ್ತಿಲ್ಲವಾದ್ದರಿಂದ ಅಕ್ಕ ಹಾಯಿ ಕೆಳಗೆ ಬಿಡುತ್ತಾಳೆ, ಇಳಿಯುತ್ತಾಳೆ, ಹಲಗೆಯ ಹಗ್ಗ ಹಿಡಿದು ಸೊಂಟದಷ್ಟು ನೀರಿನಲ್ಲಿ ನಡೆದುಕೊಂಡು ವಾಪಸ್ಸು ಬರುತ್ತಾಳೆ. ಲಗೂನಿನ ನಟ್ಟನಡುವೆ ನಡೆದುಬರುವ ಒಬ್ಬಳು ಹೆಂಗಸು. ಇಲ್ಲಿ ದಿನವೂ ಕಾಣುವ ದೃಶ್ಯ ಇದು, ಬೇರೆ ಎಲ್ಲೂ ಇಷ್ಟು ಸುಲಭಕ್ಕೆ ಸಿಗುವುದಿಲ್ಲ.

ಹನ್ನೊಂದಕ್ಕೆ ಟವೆಲ್ಲು ಪಟಪಟಿಸತೊಡಗುತ್ತದೆ. ಹದಿನೆಂಟು ನಾಟ್. ಅಕ್ಕ ದಡಕ್ಕೆ, ನಾನು ನೀರಿಗೆ.

ಹಾಯಿ ಎತ್ತಿ ಹಿಡಿದು, ಹಲಗೆಯ ಮೇಲೆ ಹಿಂಗಾಲಿಟ್ಟರೆ ಗಾಳಿಯೇ ನಿಮ್ಮನ್ನು ಮೇಲೆತ್ತಿ ನಿಲ್ಲಿಸುತ್ತದೆ. ಸೊಂಟದ ಹಾರ್ನೆಸ್ಸಿನ ಕೊಕ್ಕೆಗೆ ಬೂಮಿನ ಹಗ್ಗ ಸಿಕ್ಕಿಸಿ ಒರಗಿದರೆ ತೋಳಿನ ಕೆಲಸ ಮುಗಿಯಿತು, ಭಾರವೆಲ್ಲ ಸೊಂಟಕ್ಕೆ. ಮೊದಲು ಹಲಗೆ ನೀರನ್ನು ಉಳುತ್ತ ಹೋಗುತ್ತದೆ, ಮೂತಿಯ ಬಳಿ ನೊರೆ. ಒಂದು ಬೀಸು ಬರುತ್ತದೆ. ನೀರಿನ ಮೇಲೆ ಅದು ಕಪ್ಪಾಗಿ ಸುಕ್ಕುಗಟ್ಟುತ್ತ ಬರುವುದು ಎಡಗಣ್ಣಿಗೆ ಕಾಣುತ್ತದೆ. ಮುಟ್ಟುವ ಗಳಿಗೆಗೆ ಸರಿಯಾಗಿ ಒರಗಿ, ಹಿಂಗೈ ಎಳೆದು, ಮುಂಗಾಲಿನಿಂದ ಹಲಗೆಯನ್ನು ತಳ್ಳಬೇಕು. ಹಲಗೆ ತನ್ನ ಅಲೆಯನ್ನೇ ಹತ್ತಿ ದಾಟಿ ನೀರಿನ ಮೇಲ್ಮೈಗೆ ಬರುತ್ತದೆ. ಒಮ್ಮೆಗೇ ಎಳೆತ ಕಡಿಮೆಯಾಗುತ್ತದೆ, ವೇಗ ಹೆಚ್ಚುತ್ತದೆ, ಸದ್ದು ಬದಲಾಗುತ್ತದೆ: ಗುಳುಗುಳು ಹೋಗಿ ಚಟಚಟ. ಪಾದಗಳು ಒಂದೊಂದಾಗಿ ಹಿಂದಿನ ಪಟ್ಟಿಗಳೊಳಗೆ ಸೇರುತ್ತವೆ. ಗಾಳಿ ದ್ವೀಪದ ಮೇಲಿಂದ ಬರುವುದರಿಂದ ಇಲ್ಲಿ ಅಲೆ ಏಳುವುದಿಲ್ಲ. ಇಷ್ಟು ಗಾಳಿಗೆ ಇಷ್ಟು ಸಪಾಟು ನೀರು ಸಿಗುವ ಜಾಗಗಳನ್ನು ಹುಡುಕಿಕೊಂಡು ಜನ ದೇಶ ದಾಟಿ ಹೋಗುತ್ತಾರೆ. ಕೆಳಗೆ ಹುಲ್ಲಿನ ಮೈದಾನ ಓಡುತ್ತದೆ, ಹಸಿರು, ಕಂದು, ನಡುವೆ ಬಿಳಿ ಮರಳಿನ ತೇಪೆ.

ದೂರದಲ್ಲಿ ನೀರಿನ ಮೇಲೆ ಒಂದು ಕಪ್ಪು ಪಟ್ಟೆ ಕಂಡರೆ ಆ ಕಡೆ ಹೋಗಬೇಡಿ. ಅದು ರೆಡ್‌ಹೆಡ್ ಬಾತುಗಳ ಹಿಂಡು. ಉತ್ತರ ಅಮೆರಿಕದ ರೆಡ್‌ಹೆಡ್‌ಗಳಲ್ಲಿ ಹೆಚ್ಚಿನವು ಚಳಿಗಾಲ ಕಳೆಯುವುದು ಈ ಲಗೂನಿನಲ್ಲಿ, ಹುಲ್ಲಿನ ಬೇರು ಕಿತ್ತು ತಿನ್ನುತ್ತ. ನೀರು ಇಷ್ಟು ಉಪ್ಪಾಗಿರುವುದರಿಂದ ಕುಡಿಯಲು ಅವು ಒಳನಾಡಿನ ಸಿಹಿನೀರಿನ ಕುಂಟೆಗಳಿಗೆ ಹಾರಿಹೋಗಿ ಬರಬೇಕು. ನಾವು ಹತ್ತಿರ ಹೋದರೆ ಹಿಂಡು ಏಳುತ್ತದೆ, ತಿಂದದ್ದರ ಒಂದು ಪಾಲು ಆ ಹಾರಾಟಕ್ಕೇ ಖರ್ಚು. ಹಾಗಾಗಿ ನಾನು ಅವಕ್ಕೆ ಮುಂಚೆಯೇ ತಿರುಗುತ್ತೇನೆ. ತಿರುವಿನಲ್ಲಿ ಬಿಳಿ ಪೆಲಿಕನ್ನುಗಳ ಸಾಲೊಂದು, ಆಚೆ ಕಾಲುವೆಯಲ್ಲಿ ಮೆಲ್ಲಗೆ ಸಾಗುವ ಬಾರ್ಜು.

ಮಧ್ಯಾಹ್ನ ಕೊಲ್ಲಿಯ ಕಡೆಗೆ ಹೋಗಿ ಬಂದೆವು. ಮಲಕೀಟ್ ಬೀಚಿನಲ್ಲಿ ಅಲೆಗಳು ಸಾಲುಸಾಲಾಗಿ ಮಗುಚುತ್ತಿದ್ದವು. ಇದೇ ದ್ವೀಪದ ದಕ್ಷಿಣ ಭಾಗದಲ್ಲಿ 1554ರಲ್ಲಿ ಮೂರು ಸ್ಪ್ಯಾನಿಷ್ ಹಡಗುಗಳು ಬಿರುಗಾಳಿಗೆ ಸಿಕ್ಕಿ ದಡಕ್ಕೆ ಬಡಿದವು. ಕೊಲ್ಲಿಯ ಪ್ರವಾಹಗಳು ಇವತ್ತು ತಂದು ಎಸೆಯುವುದು ಪ್ಲಾಸ್ಟಿಕ್ಕು. ಮಕ್ಕಳ ಚಪ್ಪಲಿ, ಮೀನುಗಾರರ ಹಗ್ಗ, ಮುಚ್ಚಳ, ಮುಚ್ಚಳ, ಮುಚ್ಚಳ. ಅಕ್ಕ ಒಂದು ಚೀಲ ತುಂಬಿದಳು. ದ್ವೀಪದ ಆ ಬದಿಯನ್ನು ಕಂಡು ಬಂದವರಿಗೆ ಈ ಬದಿಯ ನೀರು ಎಷ್ಟು ಸೌಮ್ಯ ಎಂಬುದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ.

ಪಕ್ಕದ ಮನೆಗಾಡಿಯಲ್ಲಿ ಮಿನ್ನೆಸೋಟಾದ ಹಿರಿಯರೊಬ್ಬರಿದ್ದಾರೆ. ಎಪ್ಪತ್ತು ದಾಟಿದೆ. ಹಿಮದ ನಾಡುಗಳಿಂದ ಬಂದು ಚಳಿಗಾಲವಿಡೀ ಇಲ್ಲಿ ತಂಗುವ ಇಂಥವರನ್ನು ಇಲ್ಲಿಯವರು ವಿಂಟರ್ ಟೆಕ್ಸನ್ಸ್ ಎಂದು ಕರೆಯುತ್ತಾರೆ. ಬೆಳಗಿನಿಂದ ನನಗಿಂತ ಹೆಚ್ಚು ಹೊತ್ತು ನೀರಿನ ಮೇಲಿದ್ದವರು ಅವರು. ಊಟದ ಹೊತ್ತಿಗೆ ಫೋನಿನಲ್ಲಿ ಗಾಳಿಯ ನಕ್ಷೆ ತೋರಿಸಿ, ನಾಲ್ಕು ಗಂಟೆಯೊಳಗೆ ದಡ ಸೇರಿಕೋ ಎಂದು ಹೇಳಿ ಹೋದರು.

ಮೂರೂವರೆಗೆ ಗಾಳಿ ದಕ್ಷಿಣಕ್ಕೆ ಸರಿಯುತ್ತದೆ, ಇನ್ನೂ ಬೆಚ್ಚಗಾಗುತ್ತದೆ. ಇಪ್ಪತ್ನಾಲ್ಕು ಡಿಗ್ರಿ. ಅಕ್ಕ ಜಾಕೆಟ್ಟು ತೆಗೆದು ಬರಿ ಟೀ ಶರ್ಟಿನಲ್ಲಿ ಕೂತಿದ್ದಾಳೆ. ನಾಲ್ಕಕ್ಕೆ ಗಾಳಿ ನಿಂತೇಬಿಡುತ್ತದೆ. ಹಾಯಿ ಕೈಯಲ್ಲಿ ಜೋಲುತ್ತದೆ, ಹಲಗೆ ಮುಳುಗತೊಡಗುತ್ತದೆ. ನಾನು ಇಳಿದು ನಡೆಯುತ್ತೇನೆ. ಉತ್ತರದ ಆಕಾಶದಲ್ಲಿ ದಿಗಂತದ ಗುಂಟ ಅಳೆದು ಎಳೆದಷ್ಟು ನೇರವಾದ ನೀಲಿಗಪ್ಪು ಅಂಚು ಬಂದಿದೆ. ಪೆಲಿಕನ್ನುಗಳು ತಗ್ಗಿನಲ್ಲಿ ಹಾರುತ್ತ ದ್ವೀಪದ ಕಡೆ ಸರಿಯುತ್ತಿವೆ. ದಡದಲ್ಲಿ ಎಲ್ಲರೂ ಮಾತಿಲ್ಲದೆ ಹಾಯಿ ಬಿಚ್ಚುತ್ತಿದ್ದಾರೆ.

"ಏನಾಯ್ತೋ, ಎಲ್ಲರೂ ಯಾಕೆ ಓಡ್ತಿದಾರೆ?"

"ನಾರ್ದರ್ ಬರ್ತಿದೆ ಅಕ್ಕಾ, ಉತ್ತರದ ಚಳಿಗಾಳಿ. ಆ ಕುರ್ಚಿ ಮಡಚಿ ಒಳಗೆ ಹಾಕು, ಬೇಗ."

ಕುರ್ಚಿ ಒಳಗೆ ಹೋಗುವ ಮೊದಲೇ ಅದು ಬರುತ್ತದೆ. ಮುಖಕ್ಕೆ ಮೊದಲು ಬಡಿಯುವುದು ವಾಸನೆ, ಒಣಹುಲ್ಲು ಮತ್ತು ಮಣ್ಣಿನದ್ದು. ಆಮೇಲೆ ತಂಪು. ಆಮೇಲೆ ಮರಳು. ಮೂವತ್ತು ನಾಟ್, ಬೀಸಿದಾಗ ಅದಕ್ಕೂ ಹೆಚ್ಚು. ಯಾರದೋ ಹಾಯಿ ನೆಲದಿಂದ ಎದ್ದು ಎರಡು ಗಾಡಿಗಳ ನಡುವೆ ಉರುಳುತ್ತ ಹೋಗುತ್ತದೆ, ಮೂವರು ಬೆನ್ನಟ್ಟಿ ಹಿಡಿಯುತ್ತಾರೆ. ಲಗೂನಿನ ಹಸಿರು ಕ್ಷಣದಲ್ಲಿ ಬೂದಿಯ ಬಣ್ಣಕ್ಕೆ ತಿರುಗಿ ಗಿಡ್ಡ, ಚೂಪು ಅಲೆಗಳು ಏಳುತ್ತವೆ. ಐದು ಗಂಟೆಗೆ ಒಂಬತ್ತು ಡಿಗ್ರಿ. ಕೆನಡಾದಿಂದ ಹೊರಟ ಗಾಳಿಗೆ ಇಲ್ಲಿಯವರೆಗೆ ಅಡ್ಡ ನಿಲ್ಲುವ ಒಂದು ಬೆಟ್ಟಸಾಲು ಇಲ್ಲ, ಬಯಲ ಮೇಲೆ ನೇರ ಇಳಿದು ಬರುತ್ತದೆ.

ರಾತ್ರಿಯಿಡೀ ವ್ಯಾನು ಅಲ್ಲಾಡಿತು. ಭಾನುವಾರ ಬಿಸಿಲೇ ಇಲ್ಲ, ಆರು ಡಿಗ್ರಿ ದಾಟಲಿಲ್ಲ. ಮಿನ್ನೆಸೋಟಾದ ಹಿರಿಯರು ಮೈಗೆ ನೀರು ತಾಗಿಸದ ಡ್ರೈಸೂಟ್ ತೊಟ್ಟು ಮೂರು ಮುಕ್ಕಾಲು ಮೀಟರಿನ ಹಾಯಿ ಹಿಡಿದು ಒಬ್ಬರೇ ಅರ್ಧ ಗಂಟೆ ಹೋಗಿ ಬಂದರು. ನಾವು ಉಪ್ಪಿಟ್ಟು ಮಾಡಿ, ಅವರಿಗೂ ಒಂದು ಬಟ್ಟಲು ಕೊಟ್ಟು, ಕಿಟಕಿಯಿಂದ ನೋಡುತ್ತ ಕೂತೆವು. ಅಕ್ಕ ಕಾಗದದ ಮೇಲೆ ಗಾಳಿಯ ಬಾಣ ಬರೆದು, ಹಲಗೆ ತಿರುಗಿಸುವುದು ಹೇಗೆ ಎಂದು ಮತ್ತೆ ಮತ್ತೆ ಕೇಳಿ ತಿಳಿದುಕೊಂಡಳು.

ಸೋಮವಾರ ಬೆಳಗ್ಗೆ ಗಾಳಿ ಇಳಿದಿದೆ. ಹೊರಗೆ ಒಂದು ಡಿಗ್ರಿ, ಬೆಳಕು ಸ್ವಚ್ಛ. ನಾನು ಥರ್ಮಾಮೀಟರನ್ನು ದಾರಕ್ಕೆ ಕಟ್ಟಿ ನೀರಿಗೆ ಬಿಡುತ್ತೇನೆ. ಎಂಟು. ಶನಿವಾರ ಹದಿನೈದಿತ್ತು. ಆಳದ ಕಡಲು ಹೀಗೆ ಎರಡು ರಾತ್ರಿಯಲ್ಲಿ ತಣ್ಣಗಾಗುವುದಿಲ್ಲ, ಒಂದು ಮೀಟರಿನ ನೀರು ಆಗುತ್ತದೆ. ನನಗೆ ಇದರ ಅರ್ಥ ಗೊತ್ತು. "ಅಕ್ಕಾ, ಶೂ ಹಾಕ್ಕೋ. ದಡದ ಗುಂಟ ನಡೆದು ಬರೋಣ" ಎನ್ನುತ್ತೇನೆ.

ಆಮೆ ಸಿಕ್ಕಿದ್ದು ದೋಣಿ ಇಳಿಸುವ ಇಳಿಜಾರಿನಿಂದ ಸ್ವಲ್ಪವೇ ದೂರ. ಅಲೆ ತಂದು ಬಿಟ್ಟ ಹುಲ್ಲಿನ ರಾಶಿಯಲ್ಲಿ ಅರ್ಧ ಹೂತು, ಅರ್ಧ ನೀರಿನಲ್ಲಿ. ಊಟದ ತಟ್ಟೆಯಷ್ಟು ಅಗಲದ ಹಸಿರಾಮೆ ಮರಿ. ಚಿಪ್ಪಿನ ಮೇಲೆ ಕಂದು, ಜೇನುಬಣ್ಣದ ಗೆರೆಗಳು ಪ್ರತಿ ಫಲಕದಲ್ಲೂ ಒಂದು ಮೂಲೆಯಿಂದ ಹೊರಟು ಹರಡಿವೆ. ಕಣ್ಣು ಅರೆ ಮುಚ್ಚಿದೆ. ಮುಂದಿನ ರೆಕ್ಕೆಗಾಲು ಅಲೆ ಬಂದಾಗ ಎದ್ದು, ಅಲೆ ಹೋದಾಗ ಬೀಳುತ್ತದೆ, ತಾನಾಗಿ ಅಲುಗುವುದಿಲ್ಲ.

"ಸತ್ತಿದೆಯೇನೋ?"

"ಹೇಳಕ್ಕಾಗಲ್ಲ. ಸತ್ತ ಹಾಗೇ ಕಾಣತ್ತೆ, ಬದುಕಿರತ್ತೆ."

ಅಕ್ಕ ಬಗ್ಗಿ ಕೈ ಚಾಚುತ್ತಾಳೆ, ಆಳದ ಕಡೆಗೆ ತಳ್ಳಿಬಿಡುವ ಹಾಗೆ. ಯಾರಿಗಾದರೂ ಮೊದಲು ತೋಚುವುದು ಅದೇ. ನಾನು ಕೈ ಹಿಡಿಯುತ್ತೇನೆ. ನೀರಿಗೆ ಬಿಟ್ಟರೆ ಅದು ಮುಳುಗಿ ಸಾಯುತ್ತದೆ. ಆಮೆಯ ರಕ್ತ ಸುತ್ತಲಿನ ನೀರಿನಷ್ಟೇ ತಣ್ಣಗಾಗುತ್ತದೆ. ಹತ್ತು ಡಿಗ್ರಿಗಿಂತ ಕೆಳಗೆ ಹೋದರೆ ಈಜುವ ಶಕ್ತಿ ಹೋಗಿ ಮೇಲೆ ತೇಲುತ್ತದೆ, ಉಸಿರಿಗೆ ತಲೆ ಎತ್ತಲಾಗುವುದಿಲ್ಲ, ದೋಣಿ ಬಂದರೆ ಸರಿಯಲಾಗುವುದಿಲ್ಲ. ಹುಲ್ಲಿನ ಆಸೆಗೆ ಈ ಲಗೂನಿಗೆ ಬಂದದ್ದು, ಹೊರಗಿನ ಬೆಚ್ಚನೆಯ ಕಡಲಿಗೆ ದಾರಿ ಹುಡುಕುವ ಮೊದಲೇ ಚಳಿ ಹಿಡಿದುಬಿಟ್ಟಿದೆ. ನಮಗೆ ಕಾಲೂರಲು ನೆಲ ಕೊಟ್ಟ ಆಳವಿಲ್ಲದ ನೀರೇ ಇದನ್ನು ಹೀಗೆ ಮಾಡಿದೆ.

ಉದ್ಯಾನದ ಆಮೆ ಸಹಾಯವಾಣಿಗೆ ಫೋನ್ ಮಾಡುತ್ತೇನೆ. ಜಾಗ ಹೇಳಿದೆ, ಅಳತೆ ಹೇಳಿದೆ. ಅಲೆ ಮುಟ್ಟದ ಹಾಗೆ ಮೇಲಕ್ಕೆ ಎತ್ತಿಡಿ, ಬೇರೇನೂ ಮಾಡಬೇಡಿ, ಬಿಸಿ ಮಾಡಬೇಡಿ ಎಂದರು. ಚಿಪ್ಪಿನ ಎರಡು ಬದಿ ಹಿಡಿದು ಎತ್ತಿದೆ. ನೆನೆದ ಕಲ್ಲಿನ ತಂಪು. ಒಣಮರಳಿನ ಮೇಲೆ ಇಟ್ಟು, ಗಾಳಿಗೆ ಅಡ್ಡವಾಗಿ ಅಕ್ಕ ಕೂತಳು.

ಕಾಯುವಾಗ ಅವಳಿಗೆ 2021ರ ಫೆಬ್ರವರಿಯ ಕತೆ ಹೇಳಿದೆ. ಆ ವಾರ ಡಲ್ಲಾಸ್‌ನಲ್ಲಿ ಅವಳ ಮನೆಯಲ್ಲೂ ಕರೆಂಟಿರಲಿಲ್ಲ, ನಲ್ಲಿಯ ನೀರು ಹೆಪ್ಪುಗಟ್ಟಿತ್ತು. ಅದೇ ಚಳಿ ಇಲ್ಲಿಗೂ ಇಳಿದು, ಟೆಕ್ಸಸ್ ತೀರದಲ್ಲಿ ಹನ್ನೆರಡು ಸಾವಿರಕ್ಕೂ ಹೆಚ್ಚು ಆಮೆಗಳು ಮರಗಟ್ಟಿ ತೇಲಿದವು. ಜನ ತಮ್ಮ ಮನೆಯಲ್ಲಿ ದೀಪವಿಲ್ಲದಿದ್ದರೂ ದೋಣಿ ಇಳಿಸಿ, ಪಿಕಪ್ ಗಾಡಿಗಳಲ್ಲಿ ತುಂಬಿ ತಂದರು. ದಕ್ಷಿಣದ ತುದಿಯ ಸೌತ್ ಪಾದ್ರೆ ಐಲೆಂಡಿನಲ್ಲಿ ಸಭಾಭವನದ ನೆಲದ ತುಂಬ ಸಾವಿರಾರು ಆಮೆಗಳನ್ನು ಸಾಲಾಗಿ ಮಲಗಿಸಿದರು. ಈ ಉದ್ಯಾನದ ಆಮೆ ವಿಭಾಗವನ್ನು ದಶಕಗಳ ಕಾಲ ಕಟ್ಟಿ ಬೆಳೆಸಿದವರು ಡೋನಾ ಶೇವರ್. 1980ರಲ್ಲಿ ಸ್ವಯಂಸೇವಕಿ ವಿದ್ಯಾರ್ಥಿಯಾಗಿ ಇಲ್ಲಿಗೆ ಬಂದವರು. ಆಗ ಮೆಕ್ಸಿಕೋದಿಂದ ಕೆಂಪ್ಸ್ ರಿಡ್ಲಿ ಆಮೆಯ ಮೊಟ್ಟೆಗಳನ್ನು ತಂದು ಇಲ್ಲಿಯ ಮರಳಿನಲ್ಲಿ ಮರಿಮಾಡಿಸಿ, ಈ ದಡವನ್ನೇ ಅವುಗಳ ತವರು ಮಾಡುವ ಪ್ರಯತ್ನ ನಡೆದಿತ್ತು. ಆ ಆಮೆಗಳು ದೊಡ್ಡವಾಗಿ ಇಲ್ಲಿಗೇ ಮೊಟ್ಟೆಯಿಡಲು ಬಂದವು. ಈಗಲೂ ಬರುತ್ತವೆ, ಏಪ್ರಿಲ್‌ನಿಂದ ಜುಲೈವರೆಗೆ, ಕೊಲ್ಲಿಯ ಬದಿಗೆ.

ಕಾಲುವೆಯ ಕಡೆ ನೋಡಿ. ಇವತ್ತು ಬಾರ್ಜುಗಳಿಲ್ಲ. ನೀರು ಹೀಗೆ ತಣ್ಣಗಾದಾಗ ಬಾರ್ಜು ನಡೆಸುವವರು ತಾವಾಗಿಯೇ ಸಂಚಾರ ನಿಲ್ಲಿಸುವ ರೂಢಿ ಈಚಿನ ವರ್ಷಗಳಲ್ಲಿ ಬಂದಿದೆ. ಯಾವ ದಂಡಕ್ಕೂ ಹೆದರಿ ಅಲ್ಲ. ಈ ಸಂಗತಿ ಹೇಳುವಾಗ ನನಗೆ ಈಗಲೂ ಗಂಟಲು ಕಟ್ಟುತ್ತದೆ.

ಬಿಳಿ ಟ್ರಕ್ಕಿನಲ್ಲಿ ಬಂದ ಸ್ವಯಂಸೇವಕಿ ಕೈಗವಸು ಹಾಕಿಕೊಂಡು, ಆಮೆಯ ಕಣ್ಣಿನ ಮೂಲೆಯನ್ನು ಬೆರಳಿನಿಂದ ಮೆಲ್ಲಗೆ ಮುಟ್ಟುತ್ತಾಳೆ. ರೆಪ್ಪೆ ಒಂದು ನೂಲಿನಷ್ಟು ಮಿಸುಕುತ್ತದೆ. ಅಕ್ಕ ಉಸಿರು ಬಿಡುತ್ತಾಳೆ. ಟ್ರಕ್ಕಿನ ಹಿಂಬದಿಯಲ್ಲಿ ಪ್ಲಾಸ್ಟಿಕ್ ತೊಟ್ಟಿಗಳಲ್ಲಿ ಆಗಲೇ ಏಳೆಂಟು ಇವೆ. ಬೆಚ್ಚನೆಯ ಕೋಣೆಗೆ ಒಮ್ಮೆಗೇ ಒಯ್ಯುವುದಿಲ್ಲ, ದಿನಕ್ಕೆ ಸ್ವಲ್ಪ ಸ್ವಲ್ಪವೇ ಬಿಸಿ ಏರಿಸುತ್ತಾರೆ. ಚೇತರಿಸಿಕೊಂಡವನ್ನು ಕೊಲ್ಲಿಯ ನೀರು ಹದಕ್ಕೆ ಬಂದ ದಿನ ಬಿಡುತ್ತಾರೆ. ನಿಮಗೆ ಹೊರಡುವ ಅವಸರ ಇಲ್ಲದಿದ್ದರೆ ಈ ದಡ ಇನ್ನಷ್ಟು ನಡೆದು ನೋಡಿ, ನಮ್ಮಲ್ಲಿ ಜನ ಸಾಲದು ಎಂದು ಹೇಳಿ, ಅಕ್ಕನ ಫೋನಿಗೂ ಆ ನಂಬರು ಹಾಕಿಕೊಟ್ಟು ಹೋದಳು.

ಮಧ್ಯಾಹ್ನಕ್ಕೆ ಹೊರಟರೆ ಕತ್ತಲೊಳಗೆ ಆಸ್ಟಿನ್ ಸೇರಬಹುದಿತ್ತು. ಅಕ್ಕ ಮಂಕಿ ಟೋಪಿ ಕಿವಿಯ ಮೇಲೆ ಎಳೆದುಕೊಂಡು ದಕ್ಷಿಣಕ್ಕೆ ಹೊರಟಳು, ನಾನು ಉತ್ತರಕ್ಕೆ. ನನ್ನ ಕಡೆ ಹುಲ್ಲಿನ ರಾಶಿ ಬಿಟ್ಟರೆ ಏನೂ ಇರಲಿಲ್ಲ. ತಿರುಗಿ ನೋಡಿದಾಗ ಅವಳು ಶೂ, ಪ್ಯಾಂಟು ಯಾವುದನ್ನೂ ಲೆಕ್ಕಿಸದೆ ಎಂಟು ಡಿಗ್ರಿಯ ನೀರಿನಲ್ಲಿ ಸೊಂಟದವರೆಗೆ ಇಳಿದು, ಪಾದ ಎಳೆದುಕೊಂಡು, ದಡದಿಂದ ಆಚೆ ತೇಲುತ್ತಿದ್ದ ಒಂದರ ಕಡೆಗೆ ನಡೆಯುತ್ತಿದ್ದಳು. ಫೋನನ್ನು ಒದ್ದೆಯಾಗದ ಹಾಗೆ ತಲೆಗಿಂತ ಮೇಲೆ ಹಿಡಿದಿದ್ದಳು, ಆಗಲೇ ಯಾರಿಗೋ ಜಾಗ ಹೇಳುತ್ತಿದ್ದಳು.